ಬಿಷಪ್ ಕಾಲ್ಡ್‌ವೆಲ್ ಮತ್ತು ನಮ್ಮ ಮನೆಮಾತು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಭಾಷೆಯ ಬಗ್ಗೆ ನಾಲ್ಕು ಮಾತು ಆಡಬೇಕು ಎಂದು ಸಮಿತಿಯವರು ಕೇಳಿಕೊಂಡಾಗ ನಾನು ಆರಿಸಿಕೊಂಡದ್ದು ಒಬ್ಬ ಬಿಷಪರ ಜೀವನವನ್ನು. ಸರಕಾರಿ ಪ್ರೌಢಶಾಲೆಯ ಹಬ್ಬಕ್ಕೂ ಬಿಷಪರಿಗೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಸಂಬಂಧ ಇದೆ. ರಾಬರ್ಟ್ ಕಾಲ್ಡ್‌ವೆಲ್ ಎಂಬ ಈ ವ್ಯಕ್ತಿ ಬಾಳಿದ್ದು, ದುಡಿದದ್ದು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ. ಆದರೆ ನಮ್ಮಲ್ಲಿ ಬಹುಪಾಲು ಮಂದಿ ಮನೆಯಲ್ಲಿ ಆಡುವ ತುಳು, ಯಾರದೋ ಭಾಷೆಯ ಕೆಟ್ಟ ರೂಪ ಅಲ್ಲ, ತನ್ನದೇ ಕಟ್ಟೋಣ ಇರುವ ಸ್ವತಂತ್ರ ಭಾಷೆ ಎಂದು ಲೋಕದ ವಿದ್ವಾಂಸರ ಮುಂದೆ ಪುಸ್ತಕದಲ್ಲಿ ಬರೆದು ತೋರಿಸಿದವರಲ್ಲಿ ಅವರು ಮುಖ್ಯರು. ಆ ಕೆಲಸ ಹೇಗೆ ಆಯಿತು, ಅದರಲ್ಲಿ ಎಲ್ಲಿ ಎಡವಿದರು, ಅದರಿಂದ ನಮ್ಮ ಶಾಲೆಗೆ ಏನು ಪಾಠ, ಈ ಮೂರು ವಿಷಯ ಹೇಳಿ ಮುಗಿಸುತ್ತೇನೆ.

ಮೊದಲು ಮಕ್ಕಳಿಗಾಗಿ ಒಂದು ವಿವರಣೆ. ಬಿಷಪ್ ಎಂದರೆ ಒಂದು ಪ್ರಾಂತದ ಕ್ರೈಸ್ತ ಸಭೆಗಳ ಹೊಣೆ ಹೊತ್ತ ಧರ್ಮಾಧ್ಯಕ್ಷರು. ಆಂಗ್ಲಿಕನ್ ಎಂದರೆ ಇಂಗ್ಲೆಂಡಿನ ಸಭೆಯ ಪರಂಪರೆಗೆ ಸೇರಿದವರು. ನಮ್ಮ ಜಿಲ್ಲೆಯಲ್ಲಿ ಕಥೋಲಿಕರ ಇಗರ್ಜಿಗಳು ಎಲ್ಲರಿಗೂ ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಮಾತಾಡುವ ನಾಡುಗಳ ಪ್ರೊಟೆಸ್ಟೆಂಟರು. ಆಂಗ್ಲಿಕನರದ್ದು ಇವೆರಡಕ್ಕಿಂತ ಬೇರೆ ಪರಂಪರೆ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಇಲ್ಲಿನ ಆಂಗ್ಲಿಕನರು ಬೇರೆ ಪ್ರೊಟೆಸ್ಟೆಂಟ್ ಸಭೆಗಳ ಜೊತೆ ಒಂದಾದರು. ನಮ್ಮ ಕರಾವಳಿಯ ಬಾಸೆಲ್ ಮಿಶನ್ ಪರಂಪರೆಯ ಸಭೆಗಳೂ ಇಂದು ಅದೇ ಸಿ.ಎಸ್.ಐ.ಗೆ ಸೇರಿವೆ.

ಕಾಲ್ಡ್‌ವೆಲ್ ಹುಟ್ಟಿದ್ದು 1814ರ ಮೇ 7ರಂದು, ಐರ್ಲೆಂಡಿನ ಅಂಟ್ರಿಮ್ ಸೀಮೆಯಲ್ಲಿ. ತಂದೆ ತಾಯಿ ಸ್ಕಾಟ್ಲೆಂಡಿನವರು, ಅನುಕೂಲಸ್ಥರಲ್ಲ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಸಂಸಾರ ಗ್ಲಾಸ್ಗೋ ನಗರಕ್ಕೆ ಬಂತು. ಶಾಲೆಯಲ್ಲಿ ಕಲಿತದ್ದಕ್ಕಿಂತ ಸಿಕ್ಕಿದ ಪುಸ್ತಕ ಓದಿ ಕಲಿತದ್ದೇ ಹೆಚ್ಚು. ಹದಿಹರೆಯದಲ್ಲಿ ಡಬ್ಲಿನ್‌ಗೆ ಹೋಗಿ ಚಿತ್ರಕಲೆ ಕಲಿಯತೊಡಗಿದ. ಅಲ್ಲಿ ಮನಸ್ಸು ಧರ್ಮದ ಕಡೆ ತಿರುಗಿತು. ಊರಿಗೆ ಮರಳಿ, ಲಂಡನ್ ಮಿಶನರಿ ಸೊಸೈಟಿಗೆ ಸೇರಿ, ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪದವಿ ಮಾಡಿಕೊಂಡರು. ಅಲ್ಲಿ ಗ್ರೀಕ್ ಕಲಿಸುತ್ತಿದ್ದ ಡೇನಿಯಲ್ ಸ್ಯಾಂಡ್‌ಫರ್ಡ್ ಎಂಬ ಪ್ರಾಧ್ಯಾಪಕರು ಭಾಷೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ವಿದ್ಯೆಯ ರುಚಿ ಹಿಡಿಸಿದರು. ಒಬ್ಬ ಮೇಷ್ಟ್ರು ಹಚ್ಚಿದ ರುಚಿ ನಲುವತ್ತು ವರ್ಷದವರೆಗೆ ಹೇಗೆ ಕೆಲಸ ಮಾಡಿತು ಎಂಬುದನ್ನು ಇಲ್ಲಿರುವ ಗುರುಗಳು ದಯವಿಟ್ಟು ಗಮನಿಸಬೇಕು.

1838ರ ಜನವರಿಯಲ್ಲಿ ಅವರು ಮದ್ರಾಸಿನಲ್ಲಿ ಹಡಗಿನಿಂದ ಇಳಿದರು. ಅದೇ ಹಡಗಿನಲ್ಲಿ ತೆಲುಗು ವಿದ್ವಾಂಸ ಸಿ. ಪಿ. ಬ್ರೌನ್ ಕೂಡ ಇದ್ದರು. ಮೂರು ವರ್ಷ ಮದ್ರಾಸಿನಲ್ಲಿ ತಮಿಳು ಕಲಿತ ಮೇಲೆ, 1841ರಲ್ಲಿ ಆಂಗ್ಲಿಕನರ ಎಸ್.ಪಿ.ಜಿ. ಎಂಬ ಸಂಸ್ಥೆಗೆ ಸೇರಿದರು. ಅವರನ್ನು ಕಳುಹಿಸಿದ್ದು ದಕ್ಷಿಣದ ತುದಿಗೆ, ತಿರುನೆಲ್ವೇಲಿಗೆ. ಆಗಿನ ಬಿಳಿಯರು ಪಲ್ಲಕ್ಕಿಯಲ್ಲೋ ಕುದುರೆಯ ಮೇಲೋ ಪ್ರಯಾಣ ಮಾಡುವವರು. ಕಾಲ್ಡ್‌ವೆಲ್ ನಡೆದುಕೊಂಡೇ ಹೊರಟರು. ತಂಜಾವೂರು, ತಿರುಚಿನಾಪಳ್ಳಿ ದಾಟಿ ನೀಲಗಿರಿ ಹತ್ತಿ, ಊಟಿಯಲ್ಲಿ ಬಿಷಪ್ ಸ್ಪೆನ್ಸರ್ ಅವರಿಂದ ಪಾದ್ರಿಯ ದೀಕ್ಷೆ ಪಡೆದು, ಅಲ್ಲಿಂದ ಇಳಿದು ಮಧುರೆಯ ದಾರಿಯಲ್ಲಿ ತಿರುನೆಲ್ವೇಲಿ ಸೇರಿದರು. ಜನ ಹೇಗೆ ಬದುಕುತ್ತಾರೆ, ಏನು ಮಾತಾಡುತ್ತಾರೆ ಎಂದು ತಿಳಿಯಲು ನಡಿಗೆಯಷ್ಟು ಒಳ್ಳೆಯ ದಾರಿ ಬೇರೆ ಇಲ್ಲ.

ಅವರು ನೆಲೆ ನಿಂತ ಊರು ಇಡೈಯನ್‌ಗುಡಿ. ಕೆಂಪು ಮರಳಿನ, ನೀರು ಕಡಿಮೆಯ ಊರು. ಎಲ್ಲಿ ನೋಡಿದರೂ ತಾಳೆ ಮರ. ನಮ್ಮಲ್ಲಿ ಮೂರ್ತೆದಾರರು ಮರ ಹತ್ತಿ ಕಳ್ಳು ಇಳಿಸುವುದನ್ನು ಹಿರಿಯರು ಕಂಡಿದ್ದೀರಿ. ಅಲ್ಲಿಯೂ ಮರ ಹತ್ತಿ ರಸ ಇಳಿಸಿ, ಬೆಲ್ಲ ಕಾಯಿಸಿ ಬದುಕುವ ಜನ. ಆಗ ಅವರನ್ನು ಶಾಣಾರ್ ಎನ್ನುತ್ತಿದ್ದರು. ಇಂದು ಆ ಸಮುದಾಯದ ಹೆಸರು ನಾಡಾರ್. ಈ ಊರಲ್ಲಿ ಕಾಲ್ಡ್‌ವೆಲ್ ನಲುವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಬೀದಿಗಳನ್ನು ನೇರ ಮಾಡಿಸಿದರು, ಬಾವಿ ತೋಡಿಸಿದರು, ಸುತ್ತಲಿನ ಹಳ್ಳಿಗಳಲ್ಲಿ ಶಾಲೆ ತೆರೆದರು. 1847ರಲ್ಲಿ ಶುರುವಾದ ಅಲ್ಲಿನ ಚರ್ಚಿನ ಕಟ್ಟಡ ಮುಗಿದು ಪ್ರತಿಷ್ಠೆಯಾದದ್ದು 1880ರಲ್ಲಿ. ಮೂವತ್ತಮೂರು ವರ್ಷ! ನಮ್ಮ ಶಾಲೆಗೆ ಒಂದು ಕೊಠಡಿ ಮಂಜೂರಾಗಿ ಏಳುವುದಕ್ಕೆ ಹಿಡಿಯುವ ಕಾಲವನ್ನು ಕಂಡವರಿಗೆ ಅದು ದೊಡ್ಡ ಆಶ್ಚರ್ಯವಲ್ಲ.

1844ರಲ್ಲಿ ಅವರು ಎಲೈಜಾ ಮಾಲ್ಟ್ ಎಂಬವರನ್ನು ಮದುವೆಯಾದರು. ಎಲೈಜಾ ನಾಗರಕೋಯಿಲಿನಲ್ಲಿದ್ದ ಮಿಶನರಿ ಚಾರ್ಲ್ಸ್ ಮಾಲ್ಟ್ ಅವರ ಮಗಳು. ಅಲ್ಲಿನ ಮಕ್ಕಳ ಜೊತೆ ಬೆಳೆದ ಆಕೆಗೆ ತಮಿಳು ಎಂದರೆ ಪುಸ್ತಕದ ಭಾಷೆಯಲ್ಲ, ಅಂಗಳದ ಮಾತು. ಇಡೈಯನ್‌ಗುಡಿಯಲ್ಲಿ ಹುಡುಗಿಯರಿಗಾಗಿ ವಸತಿ ಶಾಲೆ ನಡೆಸಿದವರು, ಹೆಂಗಸರಿಗೆ ಲೇಸು ಹೆಣೆಯುವ ಕೈಕಸುಬು ಕಲಿಸಿದವರು ಆಕೆ. ಗಂಡನ ಹೆಸರಲ್ಲಿ ಪ್ರತಿಮೆ ನಿಂತಿದೆ. ಆ ಊರಿನ ಹುಡುಗಿಯರ ಕೈಗೆ ಪುಸ್ತಕ ಕೊಟ್ಟ ಹೆಂಗಸಿನ ಹೆಸರು ಹೆಚ್ಚು ಮಂದಿಗೆ ಗೊತ್ತಿಲ್ಲ. ಹಾಗಾಗಿ ಇಲ್ಲಿ ಹೇಳಿದೆ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಪಾದ್ರಿಯಾದವರು ದಿನವೂ ಮಾತಾಡಬೇಕು. ಪ್ರಾರ್ಥನೆ, ಉಪದೇಶ, ಜಗಳ ತೀರ್ಮಾನ, ಸಾವಿನ ಮನೆಯ ಸಮಾಧಾನ, ಎಲ್ಲವೂ ಕೇಳುವವನ ಮಾತಿನಲ್ಲೇ ಆಗಬೇಕು. ತಮಿಳು ಬೈಬಲ್ ಅನ್ನು ತಿದ್ದಿ ಹೊಸದು ಮಾಡಿದ ಸಮಿತಿಯಲ್ಲಿ ಕಾಲ್ಡ್‌ವೆಲ್ ವರ್ಷಗಟ್ಟಲೆ ಕೂತರು. ಒಂದೊಂದು ಪದ ಎಲ್ಲಿಂದ ಬಂತು, ಅದರ ನೆಂಟರು ಯಾರು ಎಂದು ಹುಡುಕುವ ಅಭ್ಯಾಸ ಹೀಗೆ ಬೆಳೆಯಿತು. ಆ ಕಾಲದ ಅನೇಕ ದೊಡ್ಡ ವಿದ್ವಾಂಸರು ಭಾರತದ ಭಾಷೆಗಳೆಲ್ಲ ಸಂಸ್ಕೃತದಿಂದ ಹುಟ್ಟಿದವು ಎಂದು ನಂಬಿದ್ದರು. ತಮಿಳು, ತೆಲುಗು, ಕನ್ನಡಗಳ ಮೂಲ ಬೇರೆ ಎಂದು 1816ರಲ್ಲೇ ಮದ್ರಾಸಿನ ಅಧಿಕಾರಿ ಎಫ್. ಡಬ್ಲ್ಯು. ಎಲ್ಲಿಸ್ ಬರೆದಿದ್ದರು. ಆದರೆ ಅದು ಬೇರೊಬ್ಬರ ತೆಲುಗು ವ್ಯಾಕರಣಕ್ಕೆ ಸೇರಿಸಿದ ಟಿಪ್ಪಣಿ. ಹೆಚ್ಚು ಮಂದಿಯ ಕಣ್ಣಿಗೆ ಬೀಳಲಿಲ್ಲ. ಆ ಮಾತಿಗೆ ಪೂರ್ತಿ ಪುರಾವೆ ಒದಗಿಸಿದ್ದು ಕಾಲ್ಡ್‌ವೆಲ್. ಆರೋಗ್ಯ ಕೆಟ್ಟು ಬ್ರಿಟನ್ನಿಗೆ ಹೋಗಿದ್ದಾಗ, 1856ರಲ್ಲಿ, ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದರು. ಕುಮಾರಿಲ ಭಟ್ಟನ ಸಂಸ್ಕೃತ ಗ್ರಂಥದಲ್ಲಿದ್ದ 'ದ್ರಾವಿಡ' ಎಂಬ ಹಳೆಯ ಪದವನ್ನು ಎತ್ತಿಕೊಂಡು ಇಡೀ ಕುಟುಂಬಕ್ಕೆ ಹೆಸರಾಗಿ ಇಟ್ಟರು.

ಅವರ ವಿಧಾನ ಸರಳ. ಪೇಟೆಯಿಂದ, ಪೂಜೆಯಿಂದ, ಕಚೇರಿಯಿಂದ ಬಂದ ಪದಗಳನ್ನು ಬದಿಗಿಡಿ. ಅವು ಸಾಲ ಬರುತ್ತವೆ, ಹೋಗುತ್ತವೆ. ಸುಲಭಕ್ಕೆ ಸಾಲ ತರದ ಪದಗಳನ್ನು ನೋಡಿ: ನಾನು, ನೀನು, ಒಂದು, ಎರಡು, ಹಾಲು, ಬರು, ಹೋಗು. ಅವು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂಬುದಕ್ಕೆ ನಿಯಮ ಸಿಕ್ಕಿದರೆ ಆ ಭಾಷೆಗಳು ಒಂದೇ ಮನೆಯವು.

ಅವರ ದಾರಿಯಲ್ಲಿ ನಾವೂ ನಾಲ್ಕು ಹೆಜ್ಜೆ ನಡೆಯೋಣ. ಉದಾಹರಣೆಗಳು ನನ್ನವು, ಎಲ್ಲ ನಿಮ್ಮ ಮನೆಯ ಪದಗಳು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಹೆಸರು ಬಂದ ಕಥೆ ಹೇಳುವುದು ಊರ ಹಿರಿಯರ ಹಕ್ಕು. ನಾನು ನೋಡುವುದು ಕಿವಿಗೆ ಕೇಳುವ ಎರಡು ಪದಗಳನ್ನು ಮಾತ್ರ. 'ಕೊಂಬು' ಕನ್ನಡದಲ್ಲೂ ತುಳುವಿನಲ್ಲೂ ತಮಿಳಿನಲ್ಲೂ ಕೊಂಬು. ಮಲಯಾಳದಲ್ಲಿ ಕೊಂಬ್, ತೆಲುಗಿನಲ್ಲಿ ಕೊಮ್ಮು. 'ನರಿ' ತಮಿಳಿನಲ್ಲೂ ನರಿಯೇ. ಆದರೆ ಕೊಡಗಿಗೆ ಹೋಗಿ ನರಿ ಎಂದರೆ ಜನ ಕೋವಿ ಹುಡುಕಿಯಾರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ! ಪದ ಒಂದೇ, ಘಟ್ಟ ಹತ್ತುವಾಗ ಅದಕ್ಕೆ ಪಟ್ಟೆ ಬಂದಿದೆ.

ಹುಲಿಯನ್ನೇ ನೋಡಿ. ತಮಿಳು, ಮಲಯಾಳ, ತೆಲುಗಿನಲ್ಲಿ ಪುಲಿ. ಹಳಗನ್ನಡದಲ್ಲೂ ಪುಲಿ. ಈಗಿನ ಕನ್ನಡದಲ್ಲಿ ಹುಲಿ. ತುಳುವಿನಲ್ಲಿ ಪಿಲಿ, ಮಾರ್ನೆಮಿಗೆ ಪಿಲಿವೇಷ ಹಾಕಿದವರಿಗೆ ಹೇಳಿಕೊಡಬೇಕಾಗಿಲ್ಲ. ಹಾಲಿಗೆ ತಮಿಳು ಪಾಲ್, ಹಳಗನ್ನಡ ಪಾಲ್, ತುಳು ಪೇರ್. ಹತ್ತಕ್ಕೆ ತಮಿಳು ಪತ್ತು, ತುಳು ಪತ್ತ್. ಅಂದರೆ ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಯಿತು. ತುಳು ಅದನ್ನು ಹಾಗೆಯೇ ಉಳಿಸಿಕೊಂಡಿತು. ಶಾಲೆಯಲ್ಲಿ ಹಳಗನ್ನಡ ಪದ್ಯ ಬಂದಾಗ 'ಪಾಲ್', 'ಪುಲಿ', 'ಪೆಸರ್' ಎಂದು ಓದಿ ಮಕ್ಕಳು ಕಂಗಾಲಾಗುತ್ತಾರೆ. ತುಳು ಬಲ್ಲ ಮಗುವಿಗೆ ಅರ್ಧ ಹಳಗನ್ನಡ ಅಜ್ಜಿಯ ಬಾಯಲ್ಲೇ ಇದೆ ಎಂದು ನಾವು ಹೇಳಿಕೊಟ್ಟರೆ ಆ ಭಯ ಇರುವುದಿಲ್ಲ.

ಇನ್ನೊಂದು ಸಾಲು. ತಮಿಳಿನ ಒನ್ರು ಮಲಯಾಳದಲ್ಲಿ ಒನ್ನ್, ಕನ್ನಡದಲ್ಲಿ ಒಂದು, ತುಳುವಿನಲ್ಲಿ ಒಂಜಿ. ತಮಿಳಿನ ಪನ್ರಿ ಮಲಯಾಳದಲ್ಲಿ ಪನ್ನಿ, ಕನ್ನಡದಲ್ಲಿ ಹಂದಿ, ತುಳುವಿನಲ್ಲಿ ಪಂಜಿ. ಪಂಜುರ್ಲಿ ದೈವದ ಹೆಸರಿನಲ್ಲಿ ಇರುವುದು ಇದೇ ಪಂಜಿ. ತಮಿಳಿನ ಕನ್ರು ಮಲಯಾಳದಲ್ಲಿ ಕನ್ನ್, ಹಳೆಯ ಕನ್ನಡದಲ್ಲಿ ಕಂದು, ನಾವು ಈಗ ಕರು ಎನ್ನುತ್ತೇವೆ, ತುಳುವಿನಲ್ಲಿ ಕಂಜಿ. ಮೂರು ಪದಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ. ಇದು ಆಕಸ್ಮಿಕವಲ್ಲ. ಕೆಟ್ಟು ಹೋದ ಭಾಷೆ ಎಲ್ಲೆಲ್ಲೋ ಹೇಗೆ ಹೇಗೋ ಕೆಡುತ್ತದೆ. ನಿಯಮ ಹಿಡಿದು ಬದಲಾಗುವುದು ಬದುಕಿರುವ ಭಾಷೆ. ಮಕ್ಕಳೇ, ಮೂರು–ಮೂಜಿ, ಆರು–ಆಜಿ ಎಂಬ ಜೋಡಿಯನ್ನು ಮನೆಗೆ ಹೋಗಿ ನೀವೇ ಯೋಚಿಸಿ.

ಕೊನೆಯ ಉದಾಹರಣೆ. ತುಳುವಿನಲ್ಲಿ 'ನಾನು' ಎಂಬುದಕ್ಕೆ 'ಯಾನ್'. ಈಗಿನ ತಮಿಳರು 'ನಾನ್' ಎನ್ನುತ್ತಾರೆ. ಆದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ಸಂಗಂ ಕಾಲದ ತಮಿಳು ಪದ್ಯಗಳಲ್ಲಿ ಇರುವುದು 'ಯಾನ್'. ಮದ್ರಾಸಿನ ತಮಿಳು ಪಂಡಿತ ಪುಸ್ತಕದಲ್ಲಿ ಓದುವ ಪದವನ್ನು ನರಿಕೊಂಬಿನ ಮಗು ಚಾ ಕುಡಿಯುತ್ತ ಆಡುತ್ತದೆ.

ಕಾಲ್ಡ್‌ವೆಲ್ ತುಳುವಿಗೆ ಕೊಟ್ಟ ಸ್ಥಾನ ಏನು? ಅವರು ದ್ರಾವಿಡ ಭಾಷೆಗಳನ್ನು ಬೆಳೆದ ಭಾಷೆಗಳು, ಬೆಳೆಯದ ಭಾಷೆಗಳು ಎಂದು ಎರಡು ಸಾಲು ಮಾಡಿದರು. 1875ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಬೆಳೆದ ಸಾಲಿನಲ್ಲಿ ತಮಿಳು, ಮಲಯಾಳ, ತೆಲುಗು, ಕನ್ನಡಗಳ ಜೊತೆ ತುಳುವನ್ನೂ ಕೊಡಗಿನ ಭಾಷೆಯನ್ನೂ ಕೂರಿಸಿದರು. ತುಳುವಿಗೆ ಸ್ವಂತ ಸಾಹಿತ್ಯ ಇಲ್ಲ ಎಂದು ಅವರು ತಿಳಿದಿದ್ದರು. ಹಾಗಿದ್ದರೂ ಇದು ದ್ರಾವಿಡ ಕುಟುಂಬದಲ್ಲೇ ಅತ್ಯಂತ ಹೆಚ್ಚು ಬೆಳವಣಿಗೆ ಕಂಡ ಭಾಷೆಗಳಲ್ಲಿ ಒಂದು ಎಂದು ಬರೆದರು. ಚಂದ್ರಗಿರಿ ಹೊಳೆಯಿಂದ ಕಲ್ಯಾಣಪುರದ ಹೊಳೆಯವರೆಗಿನ ನಾಡು ತುಳುವಿನದ್ದು ಎಂದು ಗಡಿ ಹೇಳಿದರು. ನಮ್ಮ ನೇತ್ರಾವತಿ ಅವೆರಡರ ನಡುವೆ ಹರಿಯುತ್ತದೆ.

ರಾಜರಿಲ್ಲ, ಕಚೇರಿಯಿಲ್ಲ, ಪಠ್ಯಪುಸ್ತಕವಿಲ್ಲ, ಮತ್ತೆ ಯಾವ ಆಧಾರದಲ್ಲಿ ಈ ಸ್ಥಾನ? ಕಟ್ಟೋಣದ ಆಧಾರದಲ್ಲಿ; ಮುಖ್ಯವಾಗಿ ಕ್ರಿಯಾಪದಗಳ ಸಿರಿವಂತಿಕೆಯಿಂದ. ಕನ್ನಡದಲ್ಲಿ 'ಬಂದೆ' ಎನ್ನುತ್ತೇವೆ. ಬಂದು ಇನ್ನೂ ಇಲ್ಲೇ ಇದ್ದರೆ 'ಬಂದಿದ್ದೇನೆ' ಎಂದು ಇನ್ನೊಂದು ಪದ ಜೋಡಿಸುತ್ತೇವೆ. ತುಳುವಿನಲ್ಲಿ 'ಬತ್ತೆ' ಬೇರೆ, 'ಬೈದೆ' ಬೇರೆ. ಎರಡೂ ಒಂದೊಂದೇ ಪದ. ಅಷ್ಟೇ ಅಲ್ಲ, 'ಯಾನ್ ಬತ್ತೆ' ಮತ್ತು 'ಆಯೆ ಬತ್ತೆ' ಎಂದು ಬರೆದರೆ ಎರಡೂ ಒಂದೇ ಕಾಣುತ್ತವೆ. ಜೋರಾಗಿ ಹೇಳಿ ನೋಡಿ, ಕೊನೆಯ ಸ್ವರ ಬೇರೆ ಬೇರೆ. ಆ ವ್ಯತ್ಯಾಸ ತೋರಿಸುವ ಅಕ್ಷರ ಕನ್ನಡ ವರ್ಣಮಾಲೆಯಲ್ಲಿ ಇಲ್ಲ. ಆದರೂ ನಮ್ಮ ಮೂರು ವರ್ಷದ ಮಗು ಒಮ್ಮೆಯೂ ತಪ್ಪುವುದಿಲ್ಲ.

ತಿರುನೆಲ್ವೇಲಿಯಲ್ಲಿ ಕೂತವರಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದರೆ, ಮಂಗಳೂರಿನಿಂದ. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಮುದ್ರಣಾಲಯ ತೆರೆದಿದ್ದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಪತ್ರಿಕೆ ತಂದರು. 1872ರಲ್ಲಿ ಬ್ರಿಗೆಲ್ ಬರೆದ ತುಳು ವ್ಯಾಕರಣ ಅಚ್ಚಾಯಿತು. ಕಾಲ್ಡ್‌ವೆಲ್ ಎರಡನೆಯ ಆವೃತ್ತಿಗೆ ಅದನ್ನು ಬಳಸಿಕೊಂಡರು. ಮುಂದೆ 1886ರಲ್ಲಿ ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂದವು. ಆದರೆ ಬ್ರಿಗೆಲ್ ಅವರಿಗಾಗಲಿ ಮೆನ್ನರ್ ಅವರಿಗಾಗಲಿ ತುಳು ಹೇಳಿಕೊಟ್ಟವರು ಯಾರು? ಗದ್ದೆಯಲ್ಲಿ ನೇಜಿ ನೆಟ್ಟವರು, ಪಾಡ್ದನ ಹಾಡಿದವರು, ಮಿಶನ್ನಿನ ನೇಯ್ಗೆ, ಹಂಚಿನ ಕಾರ್ಖಾನೆಗಳಲ್ಲಿ ದುಡಿದವರು. ಅವರ ಹೆಸರು ಪುಸ್ತಕದ ಮುಖಪುಟದಲ್ಲಿಲ್ಲ. ಅವರು ನಮ್ಮ ಅಜ್ಜ–ಅಜ್ಜಿಯರ ಹಿರಿಯರು.

ಇನ್ನು, ಅವರು ಎಡವಿದ ಕಡೆ. ತುಳುವಿಗೆ ಹಳೆಯ ಸಾಹಿತ್ಯ ಇಲ್ಲ ಎಂಬ ಮಾತು ನಿಲ್ಲಲಿಲ್ಲ. ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಗಳನ್ನು ಹುಡುಕಿ 'ಶ್ರೀ ಭಾಗವತೊ', 'ಕಾವೇರಿ' ಮುಂತಾದ ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ಅರುಣಾಬ್ಜ ಕವಿಯ ತುಳು ಮಹಾಭಾರತವೂ ದೊರೆಯಿತು. ಇದ್ದ ಸಾಹಿತ್ಯ ಮನೆಗಳ ಅಟ್ಟದಲ್ಲಿತ್ತು, ಕೇಳುವವರು ಬಂದಿರಲಿಲ್ಲ. ಹಾಗೆಯೇ ದ್ರಾವಿಡ ಭಾಷೆಗಳನ್ನು ಮಧ್ಯ ಏಷ್ಯಾದ ಕಡೆಯ 'ಸಿಥಿಯನ್' ಎಂಬ ಗುಂಪಿಗೆ ನಂಟು ಹಾಕಿದ ಅವರ ವಾದವನ್ನು ಇಂದಿನ ಭಾಷಾವಿಜ್ಞಾನ ಒಪ್ಪಿಲ್ಲ. ಕುಟುಂಬ ನಿಜ, ದೂರದ ನೆಂಟಸ್ತಿಕೆ ನಿಲ್ಲಲಿಲ್ಲ.

ಮೂರನೆಯದು ಹೆಚ್ಚು ಗಂಭೀರ. 1849ರಲ್ಲಿ, ಬಂದು ಎಂಟೇ ವರ್ಷವಾಗಿದ್ದಾಗ, ಕಾಲ್ಡ್‌ವೆಲ್ ತಿರುನೆಲ್ವೇಲಿಯ ಶಾಣಾರರ ಬಗ್ಗೆ ಒಂದು ಪುಸ್ತಕ ಬರೆದರು. ಓದುಗರು ದೂರದ ಇಂಗ್ಲೆಂಡಿನವರು. ತಾವು ಯಾರ ನಡುವೆ ಬದುಕುತ್ತಿದ್ದರೋ ಆ ಜನರ ಬುದ್ಧಿಯನ್ನು, ನಡತೆಯನ್ನು, ನಂಬಿಕೆಯನ್ನು ಕೀಳಾಗಿ ಚಿತ್ರಿಸಿದರು. ಅವರು ಸಿಂಹಳದಿಂದ ವಲಸೆ ಬಂದವರು ಎಂದರು. ಮುಂದಿನ ತಲೆಮಾರು ಓದು ಕಲಿಯಿತು. ಮಿಶನ್ ಶಾಲೆಗಳಲ್ಲಿ ಕಲಿತವರೇ ಆ ಪುಸ್ತಕವನ್ನು ಕೈಗೆತ್ತಿಕೊಂಡು ಓದಿದರು, ಸಿಟ್ಟಾದರು. ಉತ್ತರವಾಗಿ ಹೊತ್ತಗೆಗಳನ್ನು ಬರೆದರು, ಸರಕಾರಕ್ಕೆ ಮನವಿ ಕೊಟ್ಟರು. ಪುಸ್ತಕವನ್ನು ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 1921ರ ಜನಗಣತಿಯ ಹೊತ್ತಿಗೆ ಸರಕಾರಿ ದಾಖಲೆಯಲ್ಲಿ ಆ ಸಮುದಾಯದ ಹೆಸರು ನಾಡಾರ್ ಎಂದಾಯಿತು.

ಇದನ್ನು ಏಕೆ ಹೇಳುತ್ತೇನೆಂದರೆ, ಭಾಷೆಯ ಮುಂದೆ ಅಷ್ಟು ವಿನಯದಿಂದ ಕೂತ ಮನುಷ್ಯ, ಆ ಭಾಷೆ ಆಡುವವರ ಮುಂದೆ ಅದೇ ವಿನಯ ತೋರಿಸಲಿಲ್ಲ. ವ್ಯಾಕರಣ ಬರೆಯುವಾಗ ಕೇಳಿಸಿಕೊಂಡರು. ಜನರ ಬಗ್ಗೆ ಬರೆಯುವಾಗ ತೀರ್ಪು ಕೊಟ್ಟರು. ಕೇಳಿಸಿಕೊಂಡು ಬರೆದದ್ದು ನೂರೈವತ್ತು ವರ್ಷ ನಿಂತಿತು. ತೀರ್ಪು ಅವರ ಕಣ್ಣೆದುರೇ ಬಿತ್ತು.

1877ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಕಾಲ್ಡ್‌ವೆಲ್ ಅವರಿಗೆ ಬಿಷಪ್ ದೀಕ್ಷೆಯಾಯಿತು. ಜೊತೆಗೆ ಎಡ್ವರ್ಡ್ ಸಾರ್ಜೆಂಟ್ ಎಂಬವರಿಗೂ. ಇಬ್ಬರೂ ಮದ್ರಾಸಿನ ಬಿಷಪರಿಗೆ ಸಹಾಯಕ ಬಿಷಪರು. ಕಾಲ್ಡ್‌ವೆಲ್ ಅವರಿಗೆ ಆಗ ಅರುವತ್ತೆರಡು ದಾಟಿತ್ತು. ಅಧಿಕಾರ ಸಿಕ್ಕಿದ ವರ್ಷವೇ ಬರಗಾಲ. 1876ರಿಂದ 78ರವರೆಗಿನ ಆ ಬರ ಮದ್ರಾಸು, ಮೈಸೂರು ಸೀಮೆಗಳಲ್ಲಿ ಲಕ್ಷಾಂತರ ಜೀವ ತೆಗೆಯಿತು. ಹೊಸ ಬಿಷಪರ ಕೆಲಸ ಗಂಜಿ, ಧಾನ್ಯ, ಅನಾಥ ಮಕ್ಕಳ ಆರೈಕೆಯಾಯಿತು. ಆ ವರ್ಷಗಳಲ್ಲಿ ಸಾವಿರಾರು ಮಂದಿ ಸಭೆಗೆ ಸೇರಿದರು. ಹಸಿವಿನ ಕಾಲದ ಆ ಸೇರ್ಪಡೆಯ ಬಗ್ಗೆ ಇಂದಿಗೂ ಬೇರೆ ಬೇರೆ ಅಭಿಪ್ರಾಯಗಳಿವೆ; ಇರುವುದು ಸಹಜ. ಇದರ ನಡುವೆಯೂ ಅವರು 1881ರಲ್ಲಿ ತಿರುನೆಲ್ವೇಲಿಯ ಚರಿತ್ರೆಯನ್ನು ಪ್ರಕಟಿಸಿದರು. ಪಾಂಡ್ಯರ ಹಳೆಯ ರೇವುಪಟ್ಟಣ ಕೊರ್ಕೈಯಲ್ಲಿ ಅಗೆಸಿ ನೋಡಿದರು. 1883ರಲ್ಲಿ ತೂತುಕುಡಿಗೆ ಬಂದು ಅಲ್ಲಿ ಕಾಲೇಜು ನಡೆಸಿದರು. 1891ರ ಆರಂಭದಲ್ಲಿ ಹುದ್ದೆ ಬಿಟ್ಟರು. ಅದೇ ವರ್ಷ ಆಗಸ್ಟ್ 28ರಂದು ಕೊಡೈಕನಾಲಿನಲ್ಲಿ ತೀರಿಕೊಂಡರು. ದ್ರಾವಿಡ ನಾಡಿಗೆ ಬಂದು ಐವತ್ತಮೂರು ವರ್ಷವಾಗಿತ್ತು. ದೇಹವನ್ನು ಇಡೈಯನ್‌ಗುಡಿಗೆ ತಂದು, ಅವರೇ ಕಟ್ಟಿಸಿದ ಚರ್ಚಿನಲ್ಲಿ ಸಮಾಧಿ ಮಾಡಿದರು. 1968ರಲ್ಲಿ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ಮದ್ರಾಸಿನ ಮರೀನಾ ಕಡಲ ಕಿನಾರೆಯಲ್ಲಿ ಅವರ ಪ್ರತಿಮೆ ನಿಂತಿತು. 2010ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಈಗ ನಮ್ಮ ಶಾಲೆಯ ಮಾತು. ಇಲ್ಲಿ ಎಂಟನೆಯ ತರಗತಿಗೆ ಬರುವ ಮಗು ಮನೆಯಲ್ಲಿ ತುಳು ಆಡುತ್ತದೆ, ಇಲ್ಲವೇ ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ. ತರಗತಿಯಲ್ಲಿ ಪುಸ್ತಕದ ಕನ್ನಡ. ಮನೆಯವರ ಆಸೆ ಇಂಗ್ಲಿಷ್. ಬೆಳಿಗ್ಗೆ ಹಳದಿ ಬಸ್ಸು ಬಂದು ಊರಿನ ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ತಂದೆ ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಅವರ ಹೆದರಿಕೆ ನಿಜ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಆದರೆ ಮನೆಮಾತು ಬಿಟ್ಟರೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ತುಳು ಮಾತಾಡಿದರೆ ದಂಡ ಹಾಕುತ್ತಿದ್ದ ತರಗತಿಗಳನ್ನು ಇಲ್ಲಿ ಕೂತ ಕೆಲವರು ಬೇರೆ ಬೇರೆ ಕಡೆ ಕಂಡಿದ್ದೀರಿ. ಬಾಯಿ ಮುಚ್ಚಿಸಿದ ಮಗು ಯಾವ ಭಾಷೆಯನ್ನೂ ಕಲಿಯುವುದಿಲ್ಲ. ತನ್ನ ತಾಯಿಯ ಮಾತು ಕೀಳು ಎಂಬುದನ್ನು ಮಾತ್ರ ಕಲಿಯುತ್ತದೆ.

ಕೆಲಸಗಳು ಆಗುತ್ತಿಲ್ಲ ಎಂದಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂದಿದೆ. 1994ರಲ್ಲಿ ತುಳು ಸಾಹಿತ್ಯ ಅಕಾಡೆಮಿ ಹುಟ್ಟಿತು. 2010ರಿಂದ ಶಾಲೆಗಳಲ್ಲಿ ತುಳುವನ್ನು ತೃತೀಯ ಭಾಷೆಯಾಗಿ ಓದಲು ಅವಕಾಶವಿದೆ. 2024ರಲ್ಲಿ ತುಳು–ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿತು. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿಸಬೇಕೆಂಬ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಅದು ದಿಲ್ಲಿಯ ಕೆಲಸ. ನರಿಕೊಂಬಿನ ಕೆಲಸ ಬೇರೆ ಇದೆ.

ನನ್ನದು ಎರಡು ಸೂಚನೆ. ಒಂದು, ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಹತ್ತು ಹತ್ತು ಪದ ಬರೆದು ತರಲಿ. ಏಣೆಲ್, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯ ಗದ್ದೆಗಳು ಅಡಿಕೆ ತೋಟವಾದವು. ಗದ್ದೆ ಹೋದ ಮೇಲೆ ಉಳುವ, ನೆಡುವ, ಬಡಿಯುವ ಕೆಲಸದ ಪದಗಳೂ ಹೋಗುತ್ತಿವೆ. ಮೂರ್ತೆಯ ಪದ, ಹೊಳೆ ಮೀನಿನ ಪದ, ದೋಣಿಯ ಪದ, ಅಡುಗೆಯ ಪದ, ಬ್ಯಾರಿ ಮನೆಯದ್ದು, ಕೊಂಕಣಿ ಮನೆಯದ್ದು, ಎಲ್ಲವೂ ಸೇರಲಿ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಪದದ ಕೆಳಗೆ ಹೇಳಿಕೊಟ್ಟ ಅಜ್ಜ ಅಜ್ಜಿಯ ಹೆಸರೂ ಇರಲಿ. ಬ್ರಿಗೆಲ್, ಕಾಲ್ಡ್‌ವೆಲ್ ಕಾಲದಲ್ಲಿ ಬಿಟ್ಟು ಹೋದದ್ದು ಅದೇ ಅಲ್ಲವೇ.

ಎರಡು, ಮಗುವಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರದಿದ್ದಾಗ, ಮೊದಲು ನಿನ್ನ ಮಾತಿನಲ್ಲೇ ಹೇಳು ಎಂದು ಗುರುಗಳು ಕೇಳಲಿ. ವಿಷಯ ಗೊತ್ತಿದೆಯೋ ಪದ ಗೊತ್ತಿಲ್ಲವೋ ಎಂಬುದು ಆಗ ತಿಳಿಯುತ್ತದೆ. ಹಳೆ ವಿದ್ಯಾರ್ಥಿಗಳು ಕೊಠಡಿಗೆ, ಕಂಪ್ಯೂಟರಿಗೆ ಹಣ ಕೊಡುತ್ತಿದ್ದೀರಿ, ಬಹಳ ಸಂತೋಷ. ವರ್ಷಕ್ಕೆ ಒಂದು ದಿನ ಬಂದು ನಿಮ್ಮ ಕಸುಬಿನ ಬಗ್ಗೆ ಮಕ್ಕಳಿಗೆ ಅವರ ಮಾತಿನಲ್ಲಿ ಹೇಳಿಹೋಗುವುದಕ್ಕೆ ಹಣವೂ ಬೇಡ.

ತುಳುವಿನಲ್ಲಿ 'ನಾವು' ಎಂಬುದಕ್ಕೆ ಎರಡು ಪದ ಇವೆ. ಎದುರಿಗಿರುವವರನ್ನು ಬಿಟ್ಟು ಹೇಳುವುದಾದರೆ 'ಎಂಕುಲು'. ಅವರನ್ನೂ ಸೇರಿಸಿಕೊಂಡರೆ 'ನಮ'. ತಮಿಳಿನಲ್ಲೂ ಹೀಗೆ ಎರಡಿವೆ. ಈಗಿನ ಕನ್ನಡದಲ್ಲಿ ಒಂದೇ. ದ್ರಾವಿಡ ಭಾಷೆಗಳ ಈ ಸೂಕ್ಷ್ಮವನ್ನು ಕಾಲ್ಡ್‌ವೆಲ್ ತಮ್ಮ ವ್ಯಾಕರಣದಲ್ಲಿ ವಿವರಿಸಿದ್ದಾರೆ. ಈ ಶಾಲೆಯಲ್ಲಿ ಓದಿದ ನಾವು ಇದುವರೆಗೆ ಹೊರಗಿನವರ ಮುಂದೆ ಹೆಮ್ಮೆಯಿಂದ 'ಎಂಕ್ಲೆನ ಶಾಲೆ' ಎಂದಿದ್ದೇವೆ. ಮುಂದಿನ ಐವತ್ತು ವರ್ಷ ಈ ಶಾಲೆ ಉಳಿಯಬೇಕಾದರೆ, ಮಕ್ಕಳನ್ನು ಇಲ್ಲಿಗೆ ಕಳುಹಿಸದ ಮನೆಗಳವರೂ ಸೇರಿ 'ನಮ್ಮ ಶಾಲೆ' ಎನ್ನಬೇಕು. ಆ ಮನೆಗಳಿಗೆ ಹೋಗಿ ಮಾತಾಡುವ ಕೆಲಸವನ್ನು ಈ ಸುವರ್ಣ ಮಹೋತ್ಸವ ಸಮಿತಿ ಚಪ್ಪರ ಬಿಚ್ಚಿದ ಮರುದಿನವೇ ಶುರು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.